"ಊಟ ಆಯ್ತಾ ಅಜ್ಜಾ?" ಅಂತ ಮಾತ್ರ ಕೇಳಬೇಡಿ

ವಾರ್ಡ್ ಡ್ಯೂಟಿಗೆ ಹೊಸದಾಗಿ ಸೇರಿದ್ದೀನಿ, ವಯಸ್ಸಾದವರು ಸರಿಯಾಗಿ ಉಣ್ಣುವುದಿಲ್ಲ, ನರ್ಸ್ ಆಗಿ ನಾನೇನು ಮಾಡಲಿ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ನನ್ನ ತಪ್ಪನ್ನೇ ಹೇಳಿಬಿಡ್ತೀನಿ.

ಆಳಂದ ಕಡೆಯ ಒಬ್ಬ ಅಜ್ಜ ಅಡ್ಮಿಟ್ ಆಗಿದ್ದರು. "ಊಟ ಆಯ್ತಾ ಅಜ್ಜಾ?" ಅಂದರೆ "ಉಂಡೀನಿ ಯವ್ವಾ" ಅನ್ನೋರು. ಮೂರು ದಿನ ನಾನೂ ಚಾರ್ಟ್‌ನಲ್ಲಿ ಹಾಗೇ ಬರೆದೆ. ನಾಲ್ಕನೇ ದಿನ ಬೆಡ್‌ಶೀಟ್ ಬದಲಿಸುವಾಗ ದಿಂಬಿನ ಕೆಳಗೆ ಒಂದು ಟವೆಲ್ ಗಂಟು ಸಿಕ್ಕಿತು. ಒಳಗೆ ಆರು ಕಟಕ ರೊಟ್ಟಿ, ಅಂದರೆ ಒಣಗಿಸಿದ ಗಟ್ಟಿ ರೊಟ್ಟಿ. ಒಂದರ ಅಂಚು ಮಾತ್ರ ಚೀಪಿ ಮೆತ್ತಗಾಗಿತ್ತು. ಹಲ್ಲಿನ ಸೆಟ್ಟು ಊರಲ್ಲೇ ಉಳಿದಿತ್ತಂತೆ. ಮಗ ಬಸ್ಸಿಗೆ ನಿಂತು ಬುತ್ತಿ ತರುತ್ತಾನೆ, ಅವನಿಗೆ ಬೇಜಾರಾಗಬಾರದು ಅಂತ ಬಚ್ಚಿಟ್ಟಿದ್ದರು.

ಅವತ್ತಿನಿಂದ ನಾನು ಬಾಯಿಮಾತು ನಂಬುವುದಿಲ್ಲ, ತಾಟು ನೋಡ್ತೀನಿ. ಅರ್ಧ ಉಳಿದಿದ್ದರೆ ಅರ್ಧ ಅಂತಲೇ ಬರೀತೀನಿ. ಆಮೇಲೆ ಬಾಯಿ ತೆರೆಸಿ ನೋಡ್ತೀನಿ. ಒಸಡು ಹುಣ್ಣಾಗಿದೆಯಾ? ನಾಲಿಗೆ ಮೇಲೆ ಬಿಳಿ ಪದರ ಕಟ್ಟಿದೆಯಾ? ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ರುಚಿಯೂ ಕೆಡುತ್ತದೆ. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿಕೊಂಡಿದ್ದರೂ ಹಸಿವೆ ಸತ್ತಿರುತ್ತದೆ, ಅದನ್ನು ನಾವು ಕೇಳೋದೇ ಇಲ್ಲ. ಎಷ್ಟೋ ಸಲ ತಾಟು ಕೈಗೆ ಸಿಗದ ಕಡೆ ಇಟ್ಟಿರುತ್ತೇವೆ, ಅಷ್ಟೇ.

ತೂಕ ವಾರಕ್ಕೊಮ್ಮೆ ನೋಡಿ. 50 ಕೆಜಿ ಇದ್ದವರು ಒಂದೇ ತಿಂಗಳಲ್ಲಿ ಎರಡೂವರೆ ಕೆಜಿ ಇಳಿದರೆ ಡಾಕ್ಟರಿಗೆ ತಿಳಿಸಲೇಬೇಕು. ನಿಲ್ಲಲಾಗದವರಿಗೆ ರಟ್ಟೆಯ ಸುತ್ತಳತೆ ತೆಗೆಯಿರಿ. ಅಮ್ಮಂದಿರಾದರೆ ಬಳೆ ನೋಡಿ. ಮಣಿಕಟ್ಟಿನಲ್ಲಿ ಬಿಗಿಯಾಗಿದ್ದ ಬಳೆ ಕೈ ಎತ್ತಿದ ಕೂಡಲೇ ಮೊಣಕೈಗೆ ಜಾರುತ್ತಿದ್ದರೆ, ತೂಕದ ಮಷಿನ್ ಬೇರೆ ಬೇಕಾ?

ಇನ್ನು ಏನು ಕೊಡೋದು? ಇಲ್ಲೇ ಜಾಸ್ತಿ ತಪ್ಪಾಗುತ್ತದೆ. ಹುಷಾರಿಲ್ಲ ಅಂದ ಕೂಡಲೇ ಮನೆಯವರು ಗಂಜಿ, ಬ್ರೆಡ್ಡು, ಚಹಾಕ್ಕೆ ಇಳಿಸಿಬಿಡ್ತಾರೆ. ವಯಸ್ಸಾದವರಿಗೆ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಆದರೂ ಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಡಾಕ್ಟರ್ ಹೇಳಿದಷ್ಟು. ತೊಗರಿ ಬೆಳೆಯುವ ಊರಲ್ಲಿ ಕೂತು ನಾವು ತಿಳಿಸಾರು ಕುಡಿಸುತ್ತೇವೆ! ಬ್ಯಾಳಿ ಗಟ್ಟಿಯಾಗಿ ಕುದಿಸಿ ಅದರಲ್ಲಿ ಬಿಸಿ ರೊಟ್ಟಿ ಮುರಿದು ನೆನೆಸಲು ಹೇಳಿ. ಜೋಳದ ನುಚ್ಚಿಗೆ ಕೆನೆ ಮೊಸರು, ಮೇಲೆ ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ (ಚಟ್ನಿಪುಡಿ). ತಿನ್ನುವವರಾದರೆ ಒಂದು ಮೊಟ್ಟೆ, ಅದರಲ್ಲೇ 6 ಗ್ರಾಂ ಪ್ರೋಟೀನ್ ಇದೆ. ಒಂದೇ ಸಲಕ್ಕೆ ತಾಟು ತುಂಬಬೇಡಿ, ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ. ಆ ಅಜ್ಜನ ಸೆಟ್ಟು ಮರುದಿನ ಬಂತು, ಆದರೆ ಸಡಿಲ. ಡಿಸ್ಚಾರ್ಜ್ ಆಗುವವರೆಗೂ ನುಚ್ಚು, ಬ್ಯಾಳಿಯಲ್ಲೇ ನಡೆಸಿದೆವು.

ಬೇಸಿಗೆಯಲ್ಲಿ ನೀರಿನ ಕಡೆ ಗಮನ ಇರಲಿ. ನಮ್ಮ ಬಿಸಿಲು ನಿಮಗೆ ಗೊತ್ತಲ್ವಾ, ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ತಿಳಿಯುವುದಿಲ್ಲ. ರಾತ್ರಿ ಏಳಬೇಕಾಗುತ್ತದೆ ಅಂತ ಬೇಕೆಂದೇ ಕುಡಿಯದವರೂ ಇದ್ದಾರೆ. ಅವರಿಗೆ ಬೆಳಗ್ಗೆಯಿಂದ ಸಂಜೆಯೊಳಗೇ ಮಜ್ಜಿಗೆ, ನೀರು ಮುಗಿಸಿ.

ಉಣಿಸುವಾಗ ನೆಟ್ಟಗೆ ಕೂರಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ. ನುಂಗುವಾಗ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಲಕ್ವ ಹೊಡೆದವರಲ್ಲಿ ಇದು ಜಾಸ್ತಿ.

ಹಾಂ, ಇನ್ನೊಂದು. ಸೋಮವಾರ ಬೆಳಗ್ಗೆ ಶುಗರ್ ಮಾತ್ರೆಯೋ ಇನ್ಸುಲಿನ್ನೋ ಕೊಡುವ ಮೊದಲು "ಇವತ್ತು ಒಪ್ಪತ್ತಾ?" ಅಂತ ಕೇಳಿ. ಒಂದೇ ಹೊತ್ತು ಉಣ್ಣುವ ವ್ರತದ ದಿನ ಎಂದಿನಂತೆ ಕೊಟ್ಟರೆ ಶುಗರ್ ತೀರಾ ಇಳಿದುಬಿಡಬಹುದು. ಈ ಪ್ರಶ್ನೆಗೆ ಮಾತ್ರ ಯಾರೂ ಸುಳ್ಳು ಹೇಳಿದ್ದು ನಾನು ನೋಡಿಲ್ಲ.