ಮಳೆಗಾಲದಲ್ಲಿ ಬಿಗಿಯಾಗುವ ಹಳೇ ಮರದ ಕಿಟಕಿ ಕೀಳಿಸಬೇಕಾ?

ಮನೆ 35 ವರ್ಷದ್ದು, ಮಳೆ ಬಂದರೆ ಮರದ ಕಿಟಕಿ ಮುಚ್ಚೋಕೇ ಆಗಲ್ಲ, ನೀರೂ ಒಳಗೆ ಬರುತ್ತದೆ, ಎಲ್ಲಾ ಕೀಳಿಸಿ ಹೊಸದು ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕೀಳಿಸಬೇಡಿ. ನಮ್ಮದೂ ತುಮಕೂರಿನಲ್ಲಿ ಅಪ್ಪ ಕಟ್ಟಿಸಿದ ಅಂಥದ್ದೇ ಮನೆ. ಅವಸರಪಟ್ಟು ಹಾಲ್‌ನ ಕಿಟಕಿ ತೆಗೆಸಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಮರ ತೇವ ಹೀರಿ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ ಅಲ್ವಾ? ಆಗ ಬಿಗಿಯಾಯಿತು ಅಂತ ಅಂಚು ಕೀಸಿಸಲೂ ಬೇಡಿ, ಬೇಸಿಗೆಗೆ ಸಂದಿ ಬೀಳುತ್ತದೆ. ಮಾರ್ಚ್‌ವರೆಗೆ ಕಾಯಿರಿ. ಆಗಲೂ ಕಿಟಕಿಯ ರೆಕ್ಕೆ ಚೌಕಟ್ಟಿಗೆ ಉಜ್ಜಿದರೆ ಮೊದಲು ಕೀಲಿನ ಸ್ಕ್ರೂ ಬಿಗಿ ಮಾಡಿಸಿ.

ನಿಜವಾಗಿ ನೋಡಬೇಕಾದದ್ದು ಚೌಕಟ್ಟು. ಕೆಳಗಿನ ಎರಡೂ ಮೂಲೆಗೆ ಸ್ಕ್ರೂಡ್ರೈವರ್ ತುದಿ ಒತ್ತಿ. ನೀರು ನಿಲ್ಲುವುದು ಅಲ್ಲೇ, ಕೊಳೆಯಲು ಶುರುವಾಗುವುದೂ ಅಲ್ಲೇ. ಗಟ್ಟಿಯಾಗಿದ್ದರೆ ಆ ಕಿಟಕಿಗೆ ಇನ್ನೂ ಆಯಸ್ಸಿದೆ, ಹಾಳಾದ ರೆಕ್ಕೆ ಮಾತ್ರ ಹೊಸದು ಮಾಡಿಸಿದರೆ ಸಾಕು. ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಒಳಗೆ ಹೋದರೆ, ಅಥವಾ ಕಬ್ಬಿಣದ ಸರಳು ಕೂತ ಜಾಗದಲ್ಲಿ ಅಲ್ಲಾಡುತ್ತಿದ್ದರೆ ತಡ ಮಾಡಬೇಡಿ, ಬದಲಾಯಿಸಿ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರಬಹುದು, ಮೇಲೆ ಬಣ್ಣ ಎಷ್ಟೇ ಚೆನ್ನಾಗಿ ಕಾಣಲಿ. ಗೆದ್ದಲಿಗೆ ಮೊದಲು ನೆಲಕ್ಕೂ ಗೋಡೆಗೂ ಔಷಧಿ ಹೊಡೆಸಿ. ಇಲ್ಲದಿದ್ದರೆ ಹೊಸ ಮರಕ್ಕೂ ಅದೇ ಗತಿ. ಕಿಟಕಿ ಮೂಲೆಯಿಂದ ಗೋಡೆಯಲ್ಲಿ ಓರೆಯಾಗಿ ಬಿರುಕು ಹೋಗಿದ್ದರೆ ಮಾತ್ರ ಬಡಗಿಗಿಂತ ಮುಂಚೆ ಇಂಜಿನಿಯರ್‌ಗೆ ತೋರಿಸಿ.

ಇನ್ನು ನೀರು. ನಾನು ಎಡವಿದ್ದು ಇಲ್ಲೇ. ಮಳೆನೀರು ಬರುತ್ತದೆ ಅಂತ ಹಾಲ್‌ಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿದೆ. ಮುಂದಿನ ಮಳೆಗೂ ನೀರು ಬಂತು! ಕಿಟಕಿ ಕೆಳಗಿನ ಕಟ್ಟೆ ಒಳಗಡೆಗೆ ಇಳಿಜಾರಾಗಿತ್ತು, ಅಷ್ಟೇ. ಗಾರೆಯವರು ಬಂದು ಹೊರಕ್ಕೆ ಇಳಿಜಾರು ಮಾಡಿಕೊಟ್ಟರು, ನೀರು ಬರುವುದು ನಿಂತಿತು. ಆದರೆ ಕಿಟಕಿ ಹೋಯಿತು. ಹಳೆಯದು ಎರಡೂ ರೆಕ್ಕೆ ಪೂರ್ತಿ ತೆರೆಯುತ್ತಿತ್ತು. ಎರಡು ಗಾಜಿನ ಸ್ಲೈಡಿಂಗ್ ತೆರೆಯುವುದು ಅರ್ಧವೇ. ಏಪ್ರಿಲ್ ಸಂಜೆ ಅಮ್ಮ ಅಲ್ಲೇ ಕೂತು ಹೂ ಕಟ್ಟುತ್ತಿದ್ದರು, ಈಗ ಗಾಳಿ ಸಾಲಲ್ಲ ಅಂತ ಜಗಲಿಗೆ ಹೋಗುತ್ತಾರೆ. ನೀವು ಮೊದಲು ಹೊರಗಿನಿಂದ ಕಟ್ಟೆಯ ಮೇಲೆ ಒಂದು ಚೊಂಬು ನೀರು ಸುರಿದು, ಯಾವ ಕಡೆ ಹರಿಯುತ್ತದೆ ನೋಡಿ. ಕಿಟಕಿ ಮೇಲಿನ ಸಜ್ಜೆಯ ಅಡಿಭಾಗವನ್ನೂ ಮಳೆ ಬರುವಾಗ ನೋಡಿ. ಅದರ ತಳ ಹಿಡಿದು ನೀರು ಗೋಡೆಗೆ ಬರುತ್ತಿದ್ದರೆ ಅದಕ್ಕೂ ಗಾರೆಯವರೇ ಬೇಕು.

ಬದಲಾಯಿಸಲೇಬೇಕಾದರೆ ಬರೀ ಕಿಟಕಿಯ ರೇಟು ಕೇಳಬೇಡಿ. ಹಳೇ ಮನೆಗಳಲ್ಲಿ ಸರಳುಗಳನ್ನು ಚೌಕಟ್ಟಿಗೇ ಕೂರಿಸಿರುತ್ತಾರೆ, ಚೌಕಟ್ಟಿನ ಜೊತೆ ಅವೂ ಹೋಗುತ್ತವೆ. ಹೊಸ ಗ್ರಿಲ್, ಸುತ್ತಲಿನ ಪ್ಲಾಸ್ಟರ್, ಬಣ್ಣ ಎಲ್ಲಾ ಸೇರಿಸಿ ಕೇಳಿ. ಚೌಕಟ್ಟು ಮೆತ್ತಗಾದ ಕಿಟಕಿ ಮೊದಲು ಮಾಡಿಸಿ, ಮಿಕ್ಕವನ್ನು ಮುಂದಿನ ಬೇಸಿಗೆಗೆ ನೋಡೋಣ.