ರೊಮ್ಯಾಂಟಿಕ್ ಕಾಮಿಡಿ ಸಿನಿಮಾದ ಮೊದಲ ದೃಶ್ಯ ಏನು ಕೆಲಸ ಮಾಡುತ್ತದೆ?

ಈ ಇಬ್ಬರು ಸದ್ಯಕ್ಕೆ ಯಾಕೆ ಒಂದಾಗಲಾರರು ಅಂತ ತೋರಿಸುವುದೇ ಅದರ ಮುಖ್ಯ ಕೆಲಸ. ಕೊನೆಗೆ ಜೋಡಿಯಾಗುತ್ತಾರೆ ಅಂತ ಟಿಕೆಟ್ ತಗೊಳ್ಳುವಾಗಲೇ ನಮಗೆ ಗೊತ್ತಿರುತ್ತದೆ, ಅಲ್ವಾ? ಹಾಗಾಗಿ ಕುತೂಹಲವೆಲ್ಲ 'ಹೇಗೆ' ಅನ್ನುವುದರ ಮೇಲೆ ನಿಲ್ಲಬೇಕು.

1989ರ 'ವೆನ್ ಹ್ಯಾರಿ ಮೆಟ್ ಸ್ಯಾಲಿ' ನೋಡಿ. ಶುರುವಿನಲ್ಲೇ ಸೋಫಾ ಮೇಲೆ ಕೂತ ವಯಸ್ಸಾದ ಗಂಡ ಹೆಂಡತಿ. ತಾವು ಹೇಗೆ ಸಿಕ್ಕಿದೆವು ಅಂತ ಗಂಡ ಹೇಳುತ್ತಾನೆ. ಇದು ಮದುವೆಯಲ್ಲಿ ಮುಗಿಯುವ ಕಥೆ ಅನ್ನುವ ಭರವಸೆ ಅಲ್ಲೇ ಸಿಕ್ಕಿಬಿಡುತ್ತದೆ. ಆಮೇಲೆ 1977, ಶಿಕಾಗೋ. ಕಾಲೇಜು ಮುಗಿಸಿದ ಹ್ಯಾರಿ, ಸ್ಯಾಲಿ ಒಂದೇ ಕಾರಿನಲ್ಲಿ ನ್ಯೂಯಾರ್ಕಿಗೆ ಹೊರಡುತ್ತಾರೆ. ಅವನು ದ್ರಾಕ್ಷಿ ಬೀಜ ಉಗಿಯುತ್ತಾನೆ, ಅದು ಮುಚ್ಚಿದ ಕಿಟಕಿ ಗಾಜಿಗೆ ಹೋಗಿ ಬೀಳುತ್ತದೆ. ಅವಳೋ ಹೋಟೆಲಿನಲ್ಲಿ ಒಂದು ಆ್ಯಪಲ್ ಪೈ ಹೇಳುವುದಕ್ಕೆ ನೂರೆಂಟು ಷರತ್ತು ಹಾಕುತ್ತಾಳೆ: ಪೈ ಬಿಸಿ ಇರಬೇಕು, ಐಸ್‌ಕ್ರೀಮ್ ಮೇಲೆ ಬೇಡ, ಪಕ್ಕದಲ್ಲಿರಲಿ. ಹ್ಯಾರಿ ಸುಮ್ನೆ ಕಣ್ಣು ಬಿಟ್ಟು ನೋಡುತ್ತಾನೆ.

ಗುಟ್ಟು ಇರುವುದು ಇಲ್ಲೇ. ಮೊದಲಿಗೆ ಕಿರಿಕಿರಿ ಅನಿಸಿದ ಗುಣವನ್ನೇ ಕೊನೆಯಲ್ಲಿ ಪ್ರೀತಿಗೆ ಕಾರಣ ಮಾಡುತ್ತಾರೆ. ಹೊಸ ವರ್ಷದ ಹಿಂದಿನ ರಾತ್ರಿ ಓಡಿಬಂದ ಹ್ಯಾರಿ, ಒಂದು ಸ್ಯಾಂಡ್‌ವಿಚ್ ಆರ್ಡರ್ ಮಾಡಲು ನೀನು ಒಂದೂವರೆ ಗಂಟೆ ತಗೊಳ್ಳುತ್ತೀಯಲ್ಲ, ಅದೂ ನನಗಿಷ್ಟ ಅನ್ನುತ್ತಾನೆ. ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ಇಷ್ಟವಾದ ಮಾತು ಅದು. ಆ ಪೈ ದೃಶ್ಯ ಇರದಿದ್ದರೆ ಅದು ಮನಸ್ಸಿಗೆ ಇಷ್ಟು ನಾಟುತ್ತಿರಲಿಲ್ಲ.