ತೋಟದ ಸಾಲದ ವಿಷಯ ಹೆಂಡತಿಗೆ ಹೇಳದೆ ಮನಸ್ಸು ಗಟ್ಟಿ ಮಾಡಿಕೊಳ್ಳೋದು ಹೇಗೆ?

ನಿಮಗೆ ಮೂವತ್ತೊಂದು, ಅಪ್ಪ ಇಲ್ಲ, ತೋಟದ ಮೇಲೆ ಸಾಲ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಗಂಡಸಾದವನು ಮನೆಯವರ ಮುಂದೆ ಕುಗ್ಗಬಾರದಲ್ವಾ" ಅಂತ ಬೇರೆ ಬರೆದಿದ್ದೀರಿ. ನಾನೂ ಇದೇ ಮಾತು ಹೇಳಿಕೊಂಡು ಎರಡು ವರ್ಷ ತಿರುಗಿದವನು.

ನಮ್ಮದು ಕೊಡಗಿನ ಮಾದಾಪುರದ ಹತ್ತಿರ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ. ಮೊದಲು ಐದಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಒಂದು ಎಕರೆ ಗಿಡ, ಮರ, ಮೆಣಸಿನ ಬಳ್ಳಿ ಸಮೇತ ಹೊಳೆ ಪಾಲಾಯಿತು. ಹನ್ನೊಂದು ದಿನ ಕುಶಾಲನಗರದ ಪರಿಹಾರ ಕೇಂದ್ರದಲ್ಲಿದ್ದೆವು. ಅಪ್ಪ ಅಲ್ಲಿ ಒಂದು ದಿನವೂ ಕೂತು ಊಟ ಮಾಡಲಿಲ್ಲ. ತಟ್ಟೆ ಹಿಡಿದು ಹೊರಗೆ ಹೋಗಿ, ಗೋಡೆ ಕಡೆ ಮುಖ ಮಾಡಿ, ನಿಂತೇ ತಿನ್ನುತ್ತಿದ್ದರು. ಯಾರೋ ನೋಡಿ "ಗಂಡಸು ಅಂದ್ರೆ ಹಾಗಿರಬೇಕು, ಇಷ್ಟಾದರೂ ಕೂತಿಲ್ಲ ನೋಡು" ಅಂದರು. ನನಗೂ ಹೆಮ್ಮೆ ಆಗಿತ್ತು. ತಿನ್ನುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಅದಕ್ಕೇ ಹೊರಗೆ ಹೋಗುತ್ತಿದ್ದರು ಅಂತ ಅಮ್ಮ ನನಗೆ ಹೇಳಿದ್ದು ಅವರು ತೀರಿಕೊಂಡ ಮೇಲೆ.

ಅವರು ಹೋಗಿದ್ದು 2021ರ ನವೆಂಬರ್‌ನಲ್ಲಿ. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ದೊಡ್ಡಪ್ಪ ನನ್ನ ಹೆಗಲು ಒತ್ತಿ "ನೀನೇ ಅತ್ತರೆ ಅಮ್ಮನ ಗತಿ ಏನೋ" ಅಂದರು. ಸರಿ, ಅಳಲಿಲ್ಲ. ನಮ್ಮ ಕಡೆ ಇದು ಸ್ವಲ್ಪ ಜಾಸ್ತಿ, ನಿಮಗೂ ಗೊತ್ತಿರುತ್ತದೆ. ಜನರಲ್ ಕಾರ್ಯಪ್ಪನವರು ಹುಟ್ಟಿದ್ದು ಇಲ್ಲೇ ಶನಿವಾರಸಂತೆಯಲ್ಲಿ, ಮಡಿಕೇರಿಗೆ ಹೋದರೆ ಸರ್ಕಲ್‌ನಲ್ಲಿ ಜನರಲ್ ತಿಮ್ಮಯ್ಯನವರು ಪ್ರತಿಮೆಯಾಗಿ ನಿಂತಿದ್ದಾರೆ. ಪಕ್ಕದ ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಗಾಳಿಯಲ್ಲಿ ಗುಂಡು ಹಾರಿಸುವ ಪದ್ಧತಿ. ನಾವು ಕೊಡವರಲ್ಲ, ಸೈನ್ಯಕ್ಕೂ ಹೋದವರಲ್ಲ. ಆದರೂ ಆ ಗತ್ತು ಮಾತ್ರ ಹೇಗೋ ನಮಗೂ ಅಂಟಿಕೊಂಡಿದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

2022ರ ಮಾರ್ಚ್‌ನಲ್ಲಿ ಸೊಸೈಟಿಯಲ್ಲಿ ಮೂರು ಲಕ್ಷ ಬೆಳೆ ಸಾಲ ತೆಗೆದೆ. ಆಗ ಮೂರು ಲಕ್ಷದವರೆಗೆ ಸೊನ್ನೆ ಬಡ್ಡಿ. ಷರತ್ತು ಒಂದೇ, ಗಡುವಿನೊಳಗೆ ಪೂರ್ತಿ ಕಟ್ಟಬೇಕು. ಎಲ್ಲರೂ ಮಾಡುವುದು ಏನು? ಎಲ್ಲಿಂದಾದರೂ ಹೊಂದಿಸಿ ಕಟ್ಟುತ್ತಾರೆ, ರಿನ್ಯೂವಲ್ ಮಾಡಿಸುತ್ತಾರೆ, ಹೊಸ ಸಾಲ ಬಂದ ತಕ್ಷಣ ಕೈಸಾಲ ವಾಪಸ್ ಕೊಡುತ್ತಾರೆ. ಕೆಲವೇ ದಿನದ ಆಟ. 2023ರ ಮಾರ್ಚ್ ಬಂತು. ಆ ಸಲದ ಕಾಫಿ ದುಡ್ಡು ಅಪ್ಪನ ಆಸ್ಪತ್ರೆಯ ಕೈಸಾಲಕ್ಕೆ ಹೋಗಿತ್ತು. ನನ್ನ ಹತ್ತಿರ ಉಳಿದಿದ್ದು 1,30,000. ಬೇಕಾಗಿದ್ದು ಇನ್ನೂ 1,70,000.

ಅದೇ ವಾರ ಒಂದು ಸಂಜೆ ನನ್ನ ಹೆಂಡತಿ ಒಲೆ ಮುಂದೆ ಅಕ್ಕಿರೊಟ್ಟಿ ಸುಡುತ್ತಿದ್ದಳು. ರೊಟ್ಟಿ ಮಗುಚುತ್ತಲೇ ಹೇಳಿದಳು, "ಪೋಸ್ಟಾಫೀಸಿನ ಆರ್‌ಡಿ ಮುಗೀತು. ಒಂದು ಲಕ್ಷ ಎಪ್ಪತ್ತೊಂಬತ್ತು ಸಾವಿರ ಚಿಲ್ಲರೆ ಬಂದಿದೆ. ನಿಮಗೆ ಏನಾದರೂ ಬೇಕಿತ್ತಾ? ಇಲ್ಲದಿದ್ದರೆ ಪಾಪು ಹೆಸರಿಗೆ ಇಡ್ತೀನಿ." ಹಾಲು ಮಾರಿ, ರವಿಕೆ ಹೊಲಿದು, ತಿಂಗಳಿಗೆ ಎರಡೂವರೆ ಸಾವಿರದಂತೆ ಐದು ವರ್ಷ ಕಟ್ಟಿದ ದುಡ್ಡು ಅದು. ನಾನು ನಕ್ಕು, "ಬೇಡ, ಅದು ನಿನ್ನದು" ಅಂದೆ. ದೊಡ್ಡತನ ತೋರಿಸಿದೆ ಅಂದುಕೊಂಡೆ. ರೊಟ್ಟಿ ತಿಂದು ಮಲಗಿದೆ, ನಿದ್ದೆ ಬರಲಿಲ್ಲ.

ಕೂಡಿ ನೋಡಿ. 1,30,000 ಮತ್ತು 1,79,000. ಮೂರು ಲಕ್ಷ ದಾಟುತ್ತದೆ. ಬೆಳಿಗ್ಗೆ ಕಟ್ಟಿದ್ದರೆ ಮುಗಿದಿತ್ತು. ರಿನ್ಯೂವಲ್ ಆದ ಮೇಲೆ ಅವಳ ದುಡ್ಡು ಅವಳಿಗೆ ವಾಪಸ್. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ ದೇವರಿಗೇ ಗೊತ್ತು.

ಗಡುವು ಮೀರಿತು. ಸೊನ್ನೆ ಬಡ್ಡಿ ಹೋಗಿ ಪೂರ್ತಿ ಬಡ್ಡಿ ಬಿತ್ತು. ನೋಟಿಸ್ ಬಂತು. ಅದನ್ನು ಅಪ್ಪನ ಕೋವಿ ಇಡುವ ಬೀರುವಿನಲ್ಲಿ ಮುಚ್ಚಿಟ್ಟೆ, ನಾನು ಬಿಟ್ಟರೆ ಅದನ್ನು ತೆಗೆಯುವವರಿಲ್ಲ ಅಂತ. ಒಂದು ರಾತ್ರಿ ನೋಟಿಸ್ ನೋಡಲು ಬಾಗಿಲು ತೆಗೆದವನು ಕೋವಿ ನೋಡುತ್ತ ತುಂಬ ಹೊತ್ತು ನಿಂತುಬಿಟ್ಟೆ. ಅಷ್ಟರಲ್ಲಿ ವಿಧಾನಸಭೆ ಚುನಾವಣೆ ಬಂತು, ಅದಕ್ಕಾಗಿ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ಮತದಾನ ಮುಗಿದು ವಾಪಸ್ ಸಿಗುವವರೆಗೆ ಬೀರುವಿನಲ್ಲಿ ಬರೀ ಕಾಗದ. ಯಾವ ಪಕ್ಷ ಗೆದ್ದರೂ ನನಗೇನು, ಆ ಚುನಾವಣೆಗೆ ಮಾತ್ರ ನಾನು ಋಣಿ.

ನಿಮಗೂ ಅಂಥ ರಾತ್ರಿ ಬಂದಿದ್ದರೆ ಮುಂದೆ ಓದುವುದು ಬಿಟ್ಟು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದು ಹುಚ್ಚಿನ ವಿಷಯ ಅಲ್ಲ. ಕೇಂದ್ರ ಸರ್ಕಾರದ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ಕೊಟ್ಟ 2022ರ ಲೆಕ್ಕದಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ನೂರು ಜನರಲ್ಲಿ ಸುಮಾರು 72 ಜನ ಗಂಡಸರು. ಅವರೆಲ್ಲರಿಗೂ ಮನಸ್ಸು ಗಟ್ಟಿ ಮಾಡಿಕೋ ಅಂತ ಯಾರಾದರೂ ಹೇಳಿಯೇ ಇರುತ್ತಾರೆ.

ನನ್ನ ಕಥೆ ಮುಗಿಸಿಬಿಡುತ್ತೇನೆ. ಜೂನ್ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಗೊಬ್ಬರಕ್ಕೆ, ಕೂಲಿಗೆ ಕರಗಿತ್ತು. ಒಬ್ಬ ವ್ಯಾಪಾರಿ ಹತ್ತಿರ ಹೋಗಿ, ಗಿಡದಲ್ಲಿ ಕಾಯಿ ಇನ್ನೂ ಮೆಣಸಿನ ಕಾಳಿನಷ್ಟಿರುವಾಗಲೇ, ಅರುವತ್ತು ಚೀಲ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿಯನ್ನು, ಚೀಲಕ್ಕೆ 4,800ರಂತೆ ಮಾತಾಡಿ 2,88,000 ಅಡ್ವಾನ್ಸ್ ತಂದೆ. ಕಮ್ಮಿ ಬಿದ್ದದ್ದಕ್ಕೆ ಅಪ್ಪನ ಬೈಕ್ ಮಾರಿದೆ. ಮನೆಯಲ್ಲಿ, ಎಂಜಿನ್ ಹೋಗಿತ್ತು ಅಂದೆ. ಸೊಸೈಟಿ ಸಾಲ ತೀರಿತು. ಆಮೇಲೆ ರೊಬಸ್ಟಾ ಬೆಲೆ ಏರಿದ್ದು ನಿಮಗೆ ಹೇಳಬೇಕಾಗಿಲ್ಲ. 2024ರಲ್ಲಿ ನಮ್ಮ ಪಕ್ಕದ ತೋಟದವರು 8,200ಕ್ಕೆ ಕೊಟ್ಟರು. ಏಪ್ರಿಲ್‌ವರೆಗೆ ಕಾದವರಿಗೆ ಹತ್ತು ಸಾವಿರದ ಹತ್ತಿರ ಸಿಕ್ಕಿತು. 8,200 ಅಂತಲೇ ಇಟ್ಟುಕೊಂಡರೂ ಚೀಲಕ್ಕೆ 3,400, ಅರುವತ್ತು ಚೀಲಕ್ಕೆ 2,04,000. ಒಂದು "ಬೇಡ"ಕ್ಕೆ ಕೊಟ್ಟ ಬೆಲೆ. ವ್ಯಾಪಾರಿಯನ್ನು ಬೈಯಲ್ಲ, ಕಾಲಿಗೆ ಬಿದ್ದು ಅಡ್ವಾನ್ಸ್ ತಂದವನು ನಾನೇ.

ಫೆಬ್ರವರಿಯಲ್ಲಿ ಪಿಕಪ್ ಬಂದಾಗ ನಾನು ತೋಟದಲ್ಲಿದ್ದೆ, ಅವಳು ಕಣದಲ್ಲಿ ಕಾಫಿ ಹರವುತ್ತಿದ್ದಳು. ಡ್ರೈವರ್ ನಲವತ್ತು ಚೀಲ ಹೇರಿಕೊಂಡು, "ಅಕ್ಕಾ, ಅಡ್ವಾನ್ಸಿನದು ಇನ್ನೂ ಇಪ್ಪತ್ತು ಚೀಲ ಬಾಕಿ" ಅಂದನಂತೆ. ನಾನು ಬಂದಾಗ ಅವಳು ಕಣದ ಅಂಚಿನಲ್ಲಿ ಕೂತಿದ್ದಳು. ಕಾಲಿಗೆಲ್ಲ ಕಾಫಿ ಧೂಳು. ಜಗಳಕ್ಕೆ ತಯಾರಾಗಿಯೇ ಹೋದೆ. ಅವಳು ಕೇಳಿದ್ದು ಇಷ್ಟೇ: "ನಾನು ಕೇಳಿದ್ದೆ ಅಲ್ವಾ?"

ಅವತ್ತು ಅತ್ತೆ. ಕಣದಲ್ಲೇ, ಕೂಲಿಯವರ ಮುಂದೆಯೇ. ಯಾರೂ ಏನೂ ಅನ್ನಲಿಲ್ಲ, ಒಬ್ಬಾಕೆ ನೀರು ತಂದುಕೊಟ್ಟಳು.

ಹದಿನೈದು ಹೆಂಗಸರ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು ನನ್ನ ಹೆಂಡತಿ. ಒಂದು ರೂಪಾಯಿ ಆಚೀಚೆ ಆಗಲ್ಲ. ಅವಳಿಂದ ನಾನು ಪಾಸ್‌ಬುಕ್ ಮುಚ್ಚಿಟ್ಟಿದ್ದೆ, ಅವಳಿಗೆ ಭಯ ಆಗಬಾರದು ಅಂತ! ಈಗ ತೋಟದ ಲೆಕ್ಕ ಅವಳದೇ. ಸೊಸೈಟಿಯ ಗಡುವನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಡುತ್ತಾಳೆ. ಕೋವಿ ಬೀರುವಿನ ಕೀಲಿಯೂ ಅವಳ ಹತ್ತಿರವೇ. ಹಂದಿ ಬಂದ ರಾತ್ರಿ ಕೇಳಿ ತೆಗೆದುಕೊಳ್ಳುತ್ತೇನೆ. ದೊಡ್ಡಪ್ಪನಿಗೆ ಇದು ಗೊತ್ತಾಗಿ ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ನಗಾಡಿದರು. ನಗಲಿ ಬಿಡಿ.

ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳುವ ದಾರಿ ನಾನು ಹೇಳಲ್ಲ. ನಿಮ್ಮದು ಈಗಲೇ ಬೇಕಾದ್ದಕ್ಕಿಂತ ಜಾಸ್ತಿ ಗಟ್ಟಿ ಇದೆ. ಒಂದು ಎಕರೆ ಮಾರಲಾ, ಅಡ್ವಾನ್ಸ್ ತೆಗೆಯಲಾ ಅಂತಲೂ ಕೇಳಿದ್ದೀರಿ. ಅಡ್ವಾನ್ಸ್ ಅಂತೂ ಬೇಡವೇ ಬೇಡ. ಜಮೀನಿನ ವಿಷಯ ನಿಮ್ಮ ಮನೆಯವರು ಹೇಳಲಿ, ನಾನು ಯಾರು ಹೇಳೋಕೆ? ಇವತ್ತೇ ಪಾಸ್‌ಬುಕ್, ನೋಟಿಸ್, ಚೀಟಿ ಏನೇನಿದೆಯೋ ಎಲ್ಲ ತೆಗೆದು ಅವರ ಮುಂದೆ ಇಡಿ. ಊಟ ಆದ ಮೇಲೆ ಇಡಿ, ಹಸಿದ ಹೊಟ್ಟೆಯಲ್ಲಿ ಬೇಡ. ಮೊದಲು ಬೈಯುತ್ತಾರೆ. ಬೈದು ಮುಗಿಸಿ, ಪೆನ್ನು ಎಲ್ಲಿ ಅಂತ ಕೇಳುತ್ತಾರೆ. ಪೆನ್ನು ರೆಡಿ ಇಟ್ಟುಕೊಂಡಿರಿ.